ಇಲ್ಲದ ಕ್ರೇನು ಮತ್ತು ಅಲುಗದ ಕೊಟ್ರಯ್ಯ

ಒಂದು ಸಲ ‘ಹ್ಞೂಂ’ ಅಂದ ತಪ್ಪಿಗೆ ಮನುಷ್ಯ ಎಷ್ಟು ಬೆವರಬೇಕಾಗುತ್ತದೆ ಎಂದು ತಿಳಿಯಬೇಕಾದವರು ಹೊಸಪೇಟೆಯ ಮನೋಹರನನ್ನು ಕೇಳಬೇಕು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಗಾಳೆಮ್ಮನ ಮಿರ್ಚಿ ಅಂಗಡಿಯ ಮೇಲಿನ ಕೋಣೆಯಲ್ಲಿ ಅವನ ಸ್ಟುಡಿಯೋ. ಮದುವೆ, ಸೀಮಂತ, ಗೃಹಪ್ರವೇಶ, ಯಾವುದಕ್ಕೆ ಕರೆದರೂ ಹೋಗಿ ವಿಡಿಯೋ ತೆಗೆದುಕೊಡುತ್ತಿದ್ದ. ಆಗಿನ ಕಾಲ ಹೇಗಿತ್ತೆಂದರೆ, ಅದಿರಿನ ಲಾರಿಗಳು ಓಡಿ ಓಡಿ ಊರಿನ ಬಿಳಿ ನಾಯಿಗಳೂ ಕೆಂಪಗಾಗಿದ್ದವು. ನಿನ್ನೆ ಸೈಕಲ್ ತುಳಿದವನು ಇವತ್ತು ಹೆಲಿಕಾಪ್ಟರಿನ ಬಾಡಿಗೆ ವಿಚಾರಿಸುತ್ತಿದ್ದ. ಅಂಥ ಕಾಲದಲ್ಲಿ ಬರೀ ಕ್ಯಾಮೆರಾ, ಬರೀ ಸ್ಟ್ಯಾಂಡು ಹಿಡಿದುಕೊಂಡು ಹೋದವನನ್ನು ಯಾರು ಮೂಸಿ ನೋಡುತ್ತಾರೆ? ಮುಂದಿನ ರಸ್ತೆಯ ಸ್ಟುಡಿಯೋದವನು ಕ್ರೇನ್ ತಂದಿದ್ದ. ಉದ್ದನೆಯ ಕಬ್ಬಿಣದ ತೋಳು, ತುದಿಗೆ ಕ್ಯಾಮೆರಾ. ಅದು ಮೇಲಿನಿಂದ ತೇಲಿ ಬಂದರೆ ಸಾಕು, ಎಂಥ ಮದುಮಗನ ಮುಖಕ್ಕೂ ಕಳೆ ಬರುತ್ತಿತ್ತು. ಮನೋಹರನ ಹತ್ತಿರ ಇದ್ದದ್ದು ಬುದ್ಧಿ ಮಾತ್ರ, ಅದೂ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನ ಒಳಗೆ.

ಆ ಬುದ್ಧಿ ಹೀಗೆ. ಸ್ಟಿಲ್ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಒಂದೇ ಜಾಗದಿಂದ ಗಂಟೆಗಟ್ಟಲೆ ತಾನಾಗಿಯೇ ಫೋಟೊ ಹೊಡೆಯಲು ಬಿಡುವುದು. ಆಮೇಲೆ ಆ ಫೋಟೊಗಳನ್ನೆಲ್ಲ ಕಂಪ್ಯೂಟರಿನಲ್ಲಿ ಪೋಣಿಸಿ ಓಡಿಸಿದರೆ ಇಡೀ ದಿನ ನಿಮಿಷದಲ್ಲಿ ಮುಗಿಯುತ್ತದೆ. ಮೋಡಗಳು ಓಡುತ್ತವೆ, ನೆರಳು ಹರಿಯುತ್ತದೆ, ಮನುಷ್ಯರು ಇರುವೆಗಳಾಗುತ್ತಾರೆ. ಟೈಮ್‌ಲ್ಯಾಪ್ಸ್ ಎಂದು ಅದರ ಹೆಸರು. ಇಷ್ಟನ್ನು ಬೇರೆಯವರೂ ಮಾಡಿಯಾರು. ಮನೋಹರ ಕಂಡುಕೊಂಡದ್ದು ಅದರ ಮುಂದಿನದು. ಫೋಟೊ ಟೀವಿಯ ಪರದೆಗಿಂತ ದೊಡ್ಡದಲ್ಲವೇ? ಅದರಲ್ಲಿ ಒಂದು ಚಿಕ್ಕ ಚೌಕವನ್ನಷ್ಟೇ ತೋರಿಸಿ, ಆ ಚೌಕವನ್ನು ಜಮಖಾನೆಯ ಮೇಲೆ ಕರ್ಚೀಫು ಎಳೆದ ಹಾಗೆ ಜರುಗಿಸಿದರಾಯಿತು; ಚೌಕವನ್ನು ಕುಗ್ಗಿಸುತ್ತ ಹೋದರೆ ಕ್ಯಾಮೆರಾ ಹತ್ತಿರ ಹೋದಂತೆಯೂ ಆಗುತ್ತದೆ. ಶುರುವಿಗೊಂದು ಗುರುತು, ಕೊನೆಗೊಂದು ಗುರುತು ಹಾಕಿದರೆ ನಡುವಿನ ಪ್ರಯಾಣ ಸಾಫ್ಟ್‌ವೇರಿನ ಜವಾಬ್ದಾರಿ. ಹೊರಡುವಾಗ ಮೆಲ್ಲಗೆ, ನಡುವೆ ತುಸು ಬಿರುಸು, ನಿಲ್ಲುವಾಗ ಮತ್ತೆ ಮೆಲ್ಲಗೆ ಎಂದು ಹೇಳಿಕೊಟ್ಟರೆ ಕ್ಯಾಮೆರಾ ಬೆಣ್ಣೆಯ ಮೇಲೆ ಜಾರಿದಂತೆ ಕಾಣುತ್ತದೆ. ನಿಜವಾದ ಕ್ಯಾಮೆರಾ ಮಾತ್ರ ಇದ್ದಲ್ಲಿಂದ ಕೂದಲೆಳೆಯಷ್ಟೂ ಕದಲಿರುವುದಿಲ್ಲ.

ಮೊದಲ ಪ್ರಯೋಗ ಹಂಪಿಯಲ್ಲಾಯಿತು. ಮಾತಂಗ ಗುಡ್ಡದ ಮೇಲೆ ಸ್ಟ್ಯಾಂಡು ಊರಿ, ಮಂಗಗಳಿಗೆ ಹೆದರಿ ಕೋಲು ಹಿಡಿದು ಪಕ್ಕದಲ್ಲೇ ಕೂತು, ಸಂಜೆಯ ಮೋಡಗಳನ್ನು ಹಿಡಿದು ತಂದ. ಅದನ್ನು ಸ್ಟುಡಿಯೋದ ಟೀವಿಯಲ್ಲಿ ತಿರುಗಾಮುರುಗಾ ಹಾಕುತ್ತಿದ್ದಾಗ ಸಂಡೂರಿನ ನಾಗೇಂದ್ರಪ್ಪನವರು ಬಂದು ಬಾಗಿಲಲ್ಲೇ ನಿಂತುಬಿಟ್ಟರು.

ಈ ನಾಗೇಂದ್ರಪ್ಪ ಯಾರೆಂದು ಹೇಳಬೇಕು. ಹಳೇ ಲಾರಿಯೊಂದರಿಂದ ಶುರುಮಾಡಿ ಈಗ ಮನೆ ಮುಂದೆ ಟಿಪ್ಪರುಗಳ ಸಾಲು ನಿಲ್ಲಿಸಿಕೊಂಡವರು. ಅವರ ಮಗನ ಮದುವೆ ಹೊಸಪೇಟೆಯ ಕಲ್ಯಾಣಮಂಟಪದಲ್ಲಿ ನಿಶ್ಚಯವಾಗಿತ್ತು. ಆದರೆ ಮನೋಹರನಿಗೆ ಅವರ ಟಿಪ್ಪರಿಗಿಂತ ಅವರ ತಂಗಿ ಮುಖ್ಯ. ತಂಗಿ ಸುವರ್ಣಮ್ಮನನ್ನು ಕಂಪ್ಲಿಯ ಅಕ್ಕಿ ಗಿರಣಿಯ ಕೊಟ್ರಯ್ಯನವರಿಗೆ ಕೊಟ್ಟಿತ್ತು. ಆ ದಂಪತಿಗಳ ಮಗಳು ಗಂಗಾಂಬಿಕಾಳನ್ನು ಮನೋಹರನಿಗೆ ಕೇಳಿ ಮಾತುಕತೆ ನಡೆದಿತ್ತು. ಹುಡುಗಿ ಒಪ್ಪಿದ್ದಳು. ಮನೋಹರನಂತೂ ಒಪ್ಪಿ, ಆ ಒಪ್ಪಿಗೆಯಲ್ಲೇ ಕರಗಿ ಅರ್ಧ ಇಳಿದುಹೋಗಿದ್ದ. ಕೊಟ್ರಯ್ಯನವರು ಮಾತ್ರ “ಪೋಟೋ ಹೊಡಿಯಾವಂಗ ಮಗಳ್ನ ಕೊಡೋದೇನು?” ಎಂದು ರಾಗ ಎಳೆದಿದ್ದರು. “ನಮ್ಮ ಅಣ್ಣನ ಮನಿ ಮದ್ವಿ ವಿಡಿಯೋ ಮಾಡ್ಲಿ. ಕೆಲ್ಸ ನೋಡಿ ಹೇಳಿದ್ರಾತು,” ಎಂದು ಸುವರ್ಣಮ್ಮ ತೀರ್ಪು ಕೊಟ್ಟಿದ್ದರು. ಹೀಗೆ ಗಂಗಾಂಬಿಕಾ ಸಿಗುವುದೂ ಬಿಡುವುದೂ ಒಂದು ಡಿವಿಡಿಯ ಮೇಲೆ ನಿಂತಿತ್ತು.

“ಏನಲೇ ಮನೋಹರ, ಇದು ಕ್ರೇನ್ ಶಾಟ್ ಅಲ್ಲೇನು?” ಎಂದರು ನಾಗೇಂದ್ರಪ್ಪ, ಟೀವಿಯಿಂದ ಕಣ್ಣು ಕೀಳದೆ.

ಮನೋಹರ ಸತ್ಯ ಹೇಳಲೆಂದೇ ಬಾಯಿ ತೆರೆದ. ಅಷ್ಟರಲ್ಲಿ ಅವರು, “ಮಸ್ತ್ ಐತಿ ಬಿಡು! ಕ್ರೇನ್ ಇಲ್ದ ಮದ್ವಿ ಮಾಡಿದ್ರ ಸಂಡೂರಾಗ ನನ್ನ ಮಾರಿ ಯಾರ್ ನೋಡ್ತಾರ? ನಿನ್ನಾಗ ಕ್ರೇನ್ ಐತಿ, ಹೌದಿಲ್ಲೋ?” ಎಂದರು.

“ಹ್ಞೂಂ,” ಅಂದ ಮನೋಹರ.

ಅಷ್ಟೇ. ಅದನ್ನು ಮೆಟ್ಟಿಲ ಕೆಳಗೆ ಹಿಟ್ಟು ಕಲಸುತ್ತಿದ್ದ ಗಾಳೆಮ್ಮ ಕೇಳಿಸಿಕೊಂಡಳು. ಗಾಳೆಮ್ಮನ ಕಿವಿಗೆ ಬಿದ್ದದ್ದು ಮಿರ್ಚಿಯ ಜೊತೆ ಪೊಟ್ಟಣದಲ್ಲಿ ಊರೆಲ್ಲ ಹೋಗುತ್ತದೆ. ಸಂಜೆಯೊಳಗೆ ಓಣಿಗೆ ಓಣಿಯೇ ಮನೋಹರ ಕ್ರೇನ್ ತಂದನೆಂದು ಮಾತಾಡಿಕೊಂಡಿತು.

“ಮನೋಹರಪ್ಪ, ನಿನ್ನ ಕ್ರೇನ್ ಬಂದ ದಿನ ನನ್ನ ನೀರಿನ ಟ್ಯಾಂಕ್ ಒಂದೀಟು ಮಾಳಗಿ ಮ್ಯಾಲೆ ಎತ್ತಿ ಇಡಪಾ,” ಎಂದಳು ಗಾಳೆಮ್ಮ.

“ಅದು ಕ್ಯಾಮೆರಾ ಎತ್ತೋ ಕ್ರೇನ್ ಐತಬೇ, ಟ್ಯಾಂಕ್ ಎತ್ತಂಗಿಲ್ಲ.”

“ಕ್ಯಾಮೆರಾ ಎತ್ತಾಕ ಕ್ರೇನಾ? ಯಾಕ, ನಿನ್ನ ಕೈ ಏನ್ ಬಿದ್ದು ಹೋಗ್ಯಾವೇನು?”

ಮರುದಿನ ಟ್ರಾಫಿಕ್ ಪೇದೆಯೊಬ್ಬ ಬಂದು, ಕ್ರೇನ್ ಎಲ್ಲಿ ನಿಲ್ಲಿಸುತ್ತೀ, ಓಣಿಯಲ್ಲಿ ನಿಲ್ಲಿಸಿದರೆ ಬಸ್ಸು ತಿರುಗುವುದಿಲ್ಲ ನೋಡು ಎಂದು ಗದರಿಸಿ ಒಂದು ಪ್ಲೇಟ್ ಮಿರ್ಚಿ ತಿಂದು ಹೋದ.

ಮದುವೆಯ ದಿನ ಮನೋಹರ ಒಂದು ಉದ್ದನೆಯ ಹಸಿರು ಟ್ರಂಕಿಗೆ ದಪ್ಪ ಬೀಗ ಜಡಿದು ತಂದು ಊಟದ ಹಾಲಿನ ಮೂಲೆಯಲ್ಲಿಟ್ಟ.

“ಜಪಾನ್ ಕ್ರೇನ್ ರೀ. ಮಡಚಿದ್ರ ಇಷ್ಟಽ. ಒಳಗ ಕರೆಂಟ್ ಐತಿ, ಯಾರೂ ಮುಟ್ಟಬ್ಯಾಡ್ರಿ,” ಎಂದ.

ಒಳಗಿದ್ದದ್ದು ಅವನ ಬುತ್ತಿ ಡಬ್ಬಿ, ಒಂದು ಜೊತೆ ಬಟ್ಟೆ. ನಾಗೇಂದ್ರಪ್ಪನವರು ಟ್ರಂಕಿನ ಪಕ್ಕ ದೊಣ್ಣೆ ಹಿಡಿದ ಆಳೊಬ್ಬನನ್ನು ಕಾವಲು ನಿಲ್ಲಿಸಿದರು. ಹೊಸ ಗಾಡಿಗೆ ಮಾಡುವಂತೆ ವಿಭೂತಿ ಹಚ್ಚಿಸಿ, ನಿಂಬೆಹಣ್ಣು ಕಟ್ಟಿಸಿದರು. ಬಂದ ಬೀಗರೆಲ್ಲ ಮದುಮಗಳನ್ನು ನೋಡಿ, ಆಮೇಲೆ ಟ್ರಂಕು ನೋಡಿ ಹೋದರು. ಮನೋಹರ ಮಾತ್ರ ಸ್ಟಿಲ್ ಕ್ಯಾಮೆರಾವನ್ನು ಊಟದ ಹಾಲಿನ ಬಾಲ್ಕನಿಯಲ್ಲಿ ಬಿಗಿದು, ಮೊದಲ ಪಂಕ್ತಿಯಿಂದ ಕೊನೆಯ ಪಂಕ್ತಿಯವರೆಗೆ ತನ್ನ ಪಾಡಿಗೆ ಹೊಡೆದುಕೊಳ್ಳಲು ಬಿಟ್ಟು, ತಾಳಿ ಕಟ್ಟುವುದನ್ನು ತೆಗೆಯಲು ಓಡಿದ.

ಮದುವೆ ಮುಗಿಯಿತು, ಎಡಿಟಿಂಗ್ ಶುರುವಾಯಿತು. ಅವನ ಕಂಪ್ಯೂಟರು ಮುದಿ ಎತ್ತು. ಕೆಲಸ ಮಾಡುವಾಗ ಚಿತ್ರವನ್ನು ಅಂಚೆಚೀಟಿಯಷ್ಟು ಮಾತ್ರ ತೋರಿಸುತ್ತಿತ್ತು. ಆ ಚೀಟಿಯಲ್ಲಿ ಊಟದ ಹಾಲು ಹುಳುಗಳ ಹಾಗೆ ಮಿಜಿಮಿಜಿ ಅನ್ನುತ್ತಿತ್ತು. ಕ್ಯಾಮೆರಾ ನಯವಾಗಿ ಹೋಗಿ ನಿಲ್ಲಬೇಕಾದರೆ ಕೊನೆಯ ಗುರುತನ್ನು ಅಲುಗದ ವಸ್ತುವಿನ ಮೇಲೆ ಹಾಕಬೇಕು; ಇಲ್ಲದಿದ್ದರೆ ನೋಡುವವರಿಗೆ ತಲೆ ತಿರುಗುತ್ತದೆ. ಹುಡುಕಿದ. ಅಷ್ಟು ಗಲಾಟೆಯ ನಟ್ಟನಡುವೆ ಹಳದಿಯದೊಂದು ಮೊದಲಿನಿಂದ ಕೊನೆಯತನಕ ಇದ್ದ ಹಾಗೇ ಇತ್ತು. ಮಂಟಪದ ಕಂಬಗಳಿಗೆಲ್ಲ ಹಳದಿ ಬಟ್ಟೆ ಸುತ್ತಿದ್ದರಲ್ಲ, ಇದೂ ಕಂಬ ಎಂದು ತೀರ್ಮಾನಿಸಿದ. ಶುರುವಿಗೆ ಇಡೀ ಹಾಲು, ಕೊನೆಗೆ ಕಂಬ. ನಿಲ್ಲುವಾಗ ಮೆಲ್ಲಗೆ. ಬಟನ್ ಒತ್ತಿದ. ಕಂಪ್ಯೂಟರು ಇಡೀ ದಿನ ಮೆಲುಕು ಹಾಕಿ, ಸಂಡೂರಿನಿಂದ ಕರೆಯಲು ಜೀಪು ಬಂದು ಹಾರ್ನ್ ಹೊಡೆಯುವ ಹೊತ್ತಿಗೆ ಡಿವಿಡಿ ಹೊರಗೆ ಉಗುಳಿತು. ನೋಡಲು ಹೊತ್ತೆಲ್ಲಿ? ಜೇಬಿಗಿಳಿಸಿ ಹೊರಟ.

ಸಂಡೂರಿನಲ್ಲಿ ನಾಗೇಂದ್ರಪ್ಪನವರ ಪಡಸಾಲೆ ಬೀಗರಿಂದ ತುಂಬಿತ್ತು. ಗೋಡೆಗೆ ಬಿಳಿ ಧೋತರ ಕಟ್ಟಿ, ಪ್ರೊಜೆಕ್ಟರ್ ತರಿಸಿದ್ದರು. ವಿಡಿಯೋ ಒಪ್ಪಿಗೆಯಾದರೆ ಅಲ್ಲೇ ತಾಂಬೂಲ ಬದಲಾಯಿಸುವುದೆಂದು ಮಾತಾಗಿತ್ತು. ಮನೋಹರನ ತಾಯಿ ಹಂಪಮ್ಮ ಕಾಯಿ-ಸಕ್ಕರೆಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಂಗಾಂಬಿಕಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೊಟ್ರಯ್ಯನವರು ಮುಂದಿನ ಸಾಲಿನಲ್ಲಿ, ಹೆಂಡತಿಯ ಪಕ್ಕ. ಅವರಿಗೆ ಸಕ್ಕರೆ ಗಡಿ ಮುಟ್ಟಿದೆ ಎಂದು ಡಾಕ್ಟರು ಹೇಳಿದಂದಿನಿಂದ ಸುವರ್ಣಮ್ಮನ ಆಡಳಿತ ಜಾರಿಯಲ್ಲಿತ್ತು: ಜೋಳದ ರೊಟ್ಟಿ, ಪಲ್ಯ, ಮಜ್ಜಿಗೆ. “ಬೆಲ್ಲದ ವಾಸನೇನೂ ಬಿಟ್ಟೀನ್ರಿ,” ಎಂದು ಕೊಟ್ರಯ್ಯ ಎದುರಿಗೆ ಸಿಕ್ಕವರಿಗೆಲ್ಲ ಹೇಳಿಕೊಂಡು, ಕಂಪ್ಲಿಯಲ್ಲಿ ಅರ್ಧ ಸನ್ಯಾಸಿ ಎಂದು ಹೆಸರು ಮಾಡಿದ್ದರು.

ತಾಳಿ, ಅಕ್ಕಿಕಾಳು ಎಲ್ಲ ಸುಸೂತ್ರ ಹೋಯಿತು. ಆಮೇಲೆ ಊಟದ ಹಾಲು ಬಂತು. ಪಂಕ್ತಿ ಕೂರುತ್ತದೆ, ಏಳುತ್ತದೆ. ಎಲೆಗಳು ಬರುತ್ತವೆ, ಮಾಯವಾಗುತ್ತವೆ. ಬೆಲ್ಲದ ಗೋಧಿ ಹುಗ್ಗಿಯ ಬಕೆಟ್ಟುಗಳು ಹಾರುತ್ತವೆ. ಅಷ್ಟರ ಮೇಲೆ ಕ್ಯಾಮೆರಾ ಮೆಲ್ಲಗೆ ಇಳಿಯತೊಡಗಿತು.

“ಕ್ರೇನ್ ನೋಡ್ರಿ, ಕ್ರೇನ್!” ನಾಗೇಂದ್ರಪ್ಪ ಎದ್ದು ನಿಂತು ಕೈ ತೋರಿಸಿದರು. “ಜಪಾನಿಂದು!”

ಹಳದಿ ಕಂಬ ದೊಡ್ಡದಾಯಿತು. ಕಂಬಕ್ಕೆ ಕಿವಿಗಳಿದ್ದವು. ಇನ್ನಷ್ಟು ದೊಡ್ಡದಾದಾಗ ಅದಕ್ಕೆ ಮೀಸೆ ಬಂತು. ಕಂಬ ಹೊದ್ದದ್ದು ನಾಗೇಂದ್ರಪ್ಪನವರೇ ಮಂಟಪದಲ್ಲಿ ತಂಗಿಯ ಗಂಡನಿಗೆ ಹೊದಿಸಿದ ಹಳದಿ ರೇಷ್ಮೆ ಶಾಲು. ಮೊದಲ ಪಂಕ್ತಿ ಎದ್ದು ಹೋಯಿತು, ಕೊಟ್ರಯ್ಯ ಕೂತಿದ್ದರು. ಎರಡನೆಯದು ಎದ್ದಿತು, ಕೊಟ್ರಯ್ಯ ಕೂತೇ ಇದ್ದರು. ಮೂರನೆಯದು ಬಂದಾಗ ಹೊಸಬರಿಗೆ ಜಾಗ ತೋರಿಸಿ ಮತ್ತೆ ಎಲೆಗೆ ನೀರು ಚಿಮುಕಿಸಿಕೊಂಡರು. ಸುತ್ತ ಲೋಕವೇ ಹುಟ್ಟಿ ಅಳಿಯುತ್ತಿದ್ದರೂ ಅವರು ಮಾತ್ರ ಹಂಪಿಯ ಕಡಲೆಕಾಳು ಗಣಪನ ಹಾಗೆ ಅಚಲವಾಗಿದ್ದರು. ಅವರ ಎಲೆಯ ಹುಗ್ಗಿ ಏರುತ್ತಿತ್ತು, ಇಳಿಯುತ್ತಿತ್ತು. ಕ್ಯಾಮೆರಾ ಭಯಭಕ್ತಿಯಿಂದ ಹತ್ತಿರ ಹತ್ತಿರ ಬಂದು, ಮೆಲ್ಲಗೆ, ಭಾಳ ಮೆಲ್ಲಗೆ, ಅವರ ತೆರೆದ ಬಾಯಿಯ ಎದುರು ನಿಂತುಬಿಟ್ಟಿತು.

ಹಿಂದಿನ ಸಾಲಿನ ಮುದುಕಿಯೊಬ್ಬಳು, “ಉಣ್ಣಾಕತ್ತಿದ್ದು ನೋಡಾಕ ಏನ್ ಛಂದ ಐತವ್ವಾ!” ಎಂದಳು.

“ಒಂದು ಚಮಚ ಅಂದಿದ್ರಿ,” ಎಂದರು ಸುವರ್ಣಮ್ಮ. ಮದುಮಗನ ಸೋದರತ್ತೆಯಾಗಿ ಅವರು ಅವತ್ತು ಮಂಟಪ ಬಿಟ್ಟು ಕದಲುವಂತಿರಲಿಲ್ಲ.

“ಅದು... ಬಡಸಾವ್ರು ಒತ್ತಾಯ ಮಾಡಿ...” ಎಂದು ತೊದಲಿದ ಕೊಟ್ರಯ್ಯನವರಿಗೆ ಥಟ್ಟನೆ ದಾರಿ ಕಂಡಿತು. ಸಿಕ್ಕಿಬಿದ್ದವನಿಗೆ ಸಿಟ್ಟಿನಷ್ಟು ಒಳ್ಳೆಯ ಗೆಳೆಯನಿಲ್ಲ. ಎದ್ದು ಮನೋಹರನತ್ತ ತಿರುಗಿದರು. “ಲೇ! ಅಷ್ಟು ಮಂದ್ಯಾಗ ನನ್ನ ಬಾಯಿ ಮುಂದಽ ಯಾಕ ತಂದಿ ಕ್ರೇನ್? ಯಾರ್ ಹಚ್ಚಿದ್ರು ನಿನ್ನ? ಇಕೀನಽ ಏನು?”

“ನಾನ್ಯಾಕ ಹಚ್ಚಲಿ?” ಸುವರ್ಣಮ್ಮನೂ ಎದ್ದರು. “ನೀವು ಉಂಡಿದ್ದು ತಿಳ್ಯಾಕ ಕ್ರೇನ್ ಬೇಕೇನು? ಹೊಟ್ಟಿ ನೋಡಿದ್ರ ಸಾಕು!” ಎಂದವರೇ ಮನೋಹರನತ್ತ ಬೆರಳು ತೋರಿಸಿದರು. “ಆದ್ರ ನಮ್ಮ ಯಜಮಾನ್ರನ್ನ ಬೈಯ್ಯಾಕ ನಾ ಇದ್ದೀನಿ. ಸಭಾದಾಗ ಹಿಂಗ ಗುರಿ ಇಟ್ಟು ತೋರ್ಸಾಕ ನೀ ಯಾರಪಾ?”

“ಹೊಸಪೇಟಿಯವ್ರು ಕಂಪ್ಲಿಯವ್ರನ್ನ ಕಂಡ್ರ ಮೊದ್ಲಿಂದ್ಲೂ ಹಿಂಗಽ,” ಎಂದು ಕಂಪ್ಲಿಯ ಬೀಗರೊಬ್ಬರು ತುಪ್ಪ ಸುರಿದರು.

“ಏಳ್ರಿ ಎಲ್ಲಾರೂ! ಈ ಸಂಬಂಧ ನಮಗ ಬ್ಯಾಡ,” ಎಂದು ಕೊಟ್ರಯ್ಯ ಶಾಲು ಕೊಡವಿದರು.

ಹಂಪಮ್ಮನ ತೊಡೆಯ ಮೇಲೆ ತಟ್ಟೆ ಗಲಗಲ ಅಂದಿತು. ಮನೋಹರ ಎದ್ದು ನಿಂತ. ತಾನು ಗುರಿ ಇಟ್ಟಿರಲಿಲ್ಲ ಎನ್ನಬೇಕಾದರೆ ಕ್ರೇನೇ ಇರಲಿಲ್ಲ ಎನ್ನಬೇಕು. ಕ್ರೇನ್ ಇರಲಿಲ್ಲ ಎಂದರೆ ಸುಳ್ಳುಗಾರ. ಇತ್ತು ಎಂದರೆ ಮಾವನ ಬಾಯಿಗೆ ಕ್ರೇನ್ ಹಚ್ಚಿದ ದ್ರೋಹಿ. ಅಡುಗೆಮನೆಯ ಬಾಗಿಲಿನಿಂದ ಗಂಗಾಂಬಿಕಾ, “ಏನಾರ ಹೇಳ್ರೀ! ಕಂಬ ನಿಂತಂಗ ನಿಂತ್ರ ಹೆಂಗ?” ಎಂದಳು.

“ಕ್ರೇನ್ ಇಲ್ರಿ!” ಎಂದು ಕೂಗಿಬಿಟ್ಟ ಮನೋಹರ. “ಕ್ರೇನ್ ಇಲ್ಲಽ ಇಲ್ರಿ. ಕ್ಯಾಮೆರಾ ಬಾಲ್ಕನಿ ಬಿಟ್ಟು ಕದಲಿಲ್ರಿ. ಎಲ್ಲ ಕಂಪ್ಯೂಟರ್‌ನಾಗ ಮಾಡಿದ್ದು. ಅಲ್ಲಿ ಸಣ್ಣದಾಗಿ ಕಾಣತಿತ್ರಿ, ಅಲುಗದಽ ಇದ್ದದ್ದು ಇದೊಂದಽ, ನಾ ಮಾವಾರನ್ನ ಕಂಬ ಅಂದ್ಕೊಂಡೆರಿ!”

“ಕಂಬ?” ಎಂದರು ಕೊಟ್ರಯ್ಯ.

“ಕ್ರೇನ್ ಇಲ್ಲ?” ಎಂದರು ನಾಗೇಂದ್ರಪ್ಪ, ಅದಕ್ಕಿಂತ ನೊಂದ ದನಿಯಲ್ಲಿ. “ಮತ್ತ ಟ್ರಂಕಿನ್ಯಾಗ?”

“ಬುತ್ತಿ ಡಬ್ಬಿ ರೀ.”

“ಬುತ್ತಿ ಡಬ್ಬಿಗೆ ನಾ ನಿಂಬೆಹಣ್ಣು ಕಟ್ಟಿಸಿದ್ನೇನಲೇ!”

ಮನೋಹರ ನೆಲಕ್ಕೆ ಕೂತು, ಜಮಖಾನೆಯ ಮೇಲೆ ಕರ್ಚೀಫು ಎಳೆದು ತೋರಿಸಿದ. ಕರ್ಚೀಫು ಮೆಲ್ಲಗೆ ಹೊರಟಿತು, ಮೆಲ್ಲಗೆ ನಿಂತಿತು. ಬೀಗರೆಲ್ಲ ಬಗ್ಗಿ ನೋಡಿದರು. ಇನ್ನು ಸುಳ್ಳು ಹೇಳಿದರೆ ಕೇಳ್ರಿ ಎಂದು ಕೆನ್ನೆ ಕೆನ್ನೆ ಬಡಿದುಕೊಂಡ. ನಾಗೇಂದ್ರಪ್ಪನವರು ತಲೆಗೆ ಕೈ ಹಚ್ಚಿ ಕೂತರು.

ಕೊಟ್ರಯ್ಯ ಮಾತ್ರ ಕರ್ಚೀಫಿನಿಂದ ಕಣ್ಣು ಕೀಳಲಿಲ್ಲ. ತೌಡಿನಲ್ಲೂ ಅಕ್ಕಿ ಹುಡುಕಿ ತೆಗೆದು ಗಿರಣಿ ಬೆಳೆಸಿದ ತಲೆ ಅದು. ಒಳಗೆ ಏನೋ ತಿರುಗತೊಡಗಿತು.

“ಅಂದ್ರ ಇಲ್ದ ಕ್ರೇನ್ನ ನಿನ್ನ ಕಂಪ್ಯೂಟರ್ ತೋರಿಸ್ತು.”

“ಹೌದ್ರಿ.”

“ಕದಲದ ಕ್ಯಾಮೆರಾ ಕದಲಿದಂಗ ಮಾಡ್ತು.”

“ಹೌದ್ರಿ.”

“ಹಂಗಾದ್ರ,” ಕೊಟ್ರಯ್ಯ ಸಭೆಯತ್ತ ತಿರುಗಿ ಶಾಲು ಹೆಗಲ ಮೇಲೇರಿಸಿದರು, “ಒಂದು ಚಮಚ ಉಂಡು ಎದ್ದು ಹೋದ ಮನಿಷ್ಯಾನ್ನ ಕುಂತಂಗ ಮಾಡೋದು ಅದಕ್ಕೇನ್ ದೊಡ್ಡದು?”

ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತಿನಲ್ಲಿ ಹುರುಳಿತ್ತು. ಸುವರ್ಣಮ್ಮ ಮನೋಹರನ ಎದುರು ಬಂದು ನಿಂತರು.

“ನನ್ನ ಮಾರಿ ನೋಡಿ ಹೇಳಪಾ. ಇವರು ಕುಂತಿದ್ರೋ, ಕಂಪ್ಯೂಟರ್ ಕುಂದ್ರಿಸ್ತೋ?”

ಮನೋಹರ ಈಗ ತಾನೇ ಬಡಿದುಕೊಂಡ ಕೆನ್ನೆ ಇನ್ನೂ ಕೆಂಪಗಿತ್ತು. ಸುವರ್ಣಮ್ಮನ ಹೆಗಲ ಮೇಲಿಂದ ಕೊಟ್ರಯ್ಯ ಅವನನ್ನೇ ನೋಡುತ್ತಿದ್ದರು. ಅಂಥ ಬೇಡುವ ಕಣ್ಣು ದೇವಸ್ಥಾನದ ಮುಂದೆಯೂ ಕಾಣಸಿಗದು. ಗಂಗಾಂಬಿಕಾ ತುಟಿ ಬಿಗಿಹಿಡಿದು ಫ್ಯಾನು ನೋಡುತ್ತಿದ್ದಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಹೇಳಿದ್ದಾರೆ. ಲೆಕ್ಕ ಹಾಕಿದರೆ ಅವನ ಪಾಲಿನದು ಇನ್ನೂ ಬೇಕಾದಷ್ಟು ಬಾಕಿ ಇತ್ತು.

“ಕಂಪ್ಯೂಟರ್ ರೀ,” ಎಂದ. “ಒಮ್ಮೊಮ್ಮೆ ಫೋಟೊ ಅಂಟ್ಕೊಂಡುಬಿಡ್ತಾವ್ರಿ. ವೈರಸ್.”

“ವೈರಸ್ಸು!” ಕೊಟ್ರಯ್ಯನವರು ಎದೆ ಉಬ್ಬಿಸಿದರು. “ನಾ ಬಡ್ಕೊಂಡೆ, ಯಾರಾರ ಕೇಳಿದ್ರೇನು? ವೈರಸ್ಸು!”

ಸುವರ್ಣಮ್ಮ ಅವನ ಮುಖ ನೋಡಿ, ಗಂಡನ ಹೊಟ್ಟೆ ನೋಡಿದರು. ತವರುಮನೆಯ ಪಡಸಾಲೆಯಲ್ಲಿ ಗಂಡನ ಮಾನ ಉಳಿದದ್ದು ಅವರಿಗೂ ಸಣ್ಣ ಸಮಾಧಾನವಲ್ಲ. “ವೈರಸ್ಸಿಗೆ ಹುಗ್ಗಿ ಭಾಳ ಸೇರತೈತಿ ಅನ್ಸತೈತಿ,” ಎಂದಷ್ಟೇ ಹೇಳಿ, ಹಂಪಮ್ಮನ ಕಡೆ ಕೈ ಚಾಚಿದರು. “ತಟ್ಟಿ ಇತ್ಲಾಗ ಕೊಡ್ರಿ ಬೀಗ್ತಿ. ಆದ್ರ ಒಂದು ಮಾತು. ಕಂಪ್ಲ್ಯಾಗ ನಮ್ಮ ಮಗಳ ಮದ್ವಿ ಊಟಾನೂ ಹಿಂಗಽ ತಗೀಬೇಕು. ಮೊದ್ಲಿಂದ ಕಡೀತನ. ವೈರಸ್ ಇಲ್ದ ಕ್ಯಾಮೆರಾದಾಗ.”

ಕಂಪ್ಲಿಯ ಮದುವೆ ಕಂಪ್ಲಿಗೆ ತಕ್ಕ ಹಾಗೆ ಆಯಿತು. ಮನೋಹರ ಬಾಸಿಂಗ ಕಟ್ಟಿಕೊಂಡೇ ಹೋಗಿ ಊಟದ ಹಾಲಿನಲ್ಲಿ ಕ್ಯಾಮೆರಾ ಬಿಗಿದು ಬಂದ. ಎಡಿಟಿಂಗಿಗೆ ಕೂತಾಗ ಪಕ್ಕದಲ್ಲಿ ಗಂಗಾಂಬಿಕಾ ಇದ್ದಳು. ಹೆಂಡತಿ ಬಂದ ಮೇಲೆ ಕಂಪ್ಯೂಟರೂ ದೊಡ್ಡದು ಬಂದಿತ್ತು, ಈಗ ಕಂಬ ಯಾವುದು, ಮನುಷ್ಯ ಯಾವುದು ಎಂದು ತಿಳಿಯುತ್ತಿತ್ತು. ನಟ್ಟನಡುವೆ ಯಾರೂ ಅಚಲವಾಗಿ ಕೂತಿರಲಿಲ್ಲ. ಮನೋಹರನಿಗೆ ಸಮಾಧಾನವಾಗುವಷ್ಟರಲ್ಲಿ ಗಂಗಾಂಬಿಕಾ ಪರದೆಗೆ ಬೆರಳಿಟ್ಟಳು.

“ಇಲ್ಲಿ ನೋಡ್ರಿ, ನಮ್ಮಪ್ಪಾಜಿ!”

ಮೊದಲ ಪಂಕ್ತಿಯಲ್ಲಿ ಬಾಗಿಲ ಬಳಿ, ಬಿಳಿ ಟೊಪ್ಪಿಗೆಯಲ್ಲಿ. ಎರಡನೆಯದರಲ್ಲಿ ನೀರಿನ ಡ್ರಮ್ಮಿನ ಪಕ್ಕ, ಟೊಪ್ಪಿಗೆ ಇಲ್ಲದೆ. ಆಮೇಲೆ ಕಿಟಕಿಯ ಹತ್ತಿರ, ಯಾರದೋ ಹಸಿರು ಶಾಲು ಹೊದ್ದು. ಕೂತಲ್ಲೇ ಕೂತರೆ ಸಿಕ್ಕಿಬೀಳುತ್ತೇವೆ ಎನ್ನುವುದನ್ನು ಕೊಟ್ರಯ್ಯ ಸಂಡೂರಿನಲ್ಲೇ ಕಲಿತಿದ್ದರು. ಗಂಗಾಂಬಿಕಾ ಸೆರಗು ಬಾಯಿಗೊತ್ತಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಕ್ಕು ಮುಗಿದ ಮೇಲೆ, “ಅವ್ವ ನೋಡಿದ್ರ ಮುಗೀತು,” ಎಂದಳು.

ಗಂಡ ಹೆಂಡತಿ ಕೂಡಿ ಕೂತರು. ಕೊಟ್ರಯ್ಯ ಬಾಗಿಲ ಬಳಿ ಕಾಣುವ ಹೊತ್ತಿಗೆ ಚೌಕ ಮೆಲ್ಲಗೆ ಕಿಟಕಿಯತ್ತ ಸರಿಯುವಂತೆ ಗುರುತು ಹಾಕಿದರು. ಅವರು ಡ್ರಮ್ಮಿನ ಬಳಿ ಬಂದಾಗ ಅದು ನಯವಾಗಿ ಮೇಲೇರಿ ತೋರಣ ನೋಡಿತು. ಕಿಟಕಿಗೆ ಬಂದರೆ ಮದುಮಕ್ಕಳ ಎಲೆಯ ಕಡೆ ಜಾರಿತು. ಮನೋಹರ ಅಷ್ಟು ಮನಸ್ಸಿಟ್ಟು ಕ್ಯಾಮೆರಾವನ್ನು ಎಂದೂ ನಡೆಸಿರಲಿಲ್ಲ.

ಕಂಪ್ಲಿಯ ಮನೆಯಲ್ಲಿ ವಿಡಿಯೋ ಹಾಕಿದಾಗ ಎಲ್ಲರೂ ಆಹಾ ಎಂದರು. ನಾಗೇಂದ್ರಪ್ಪನವರಂತೂ, “ಕ್ರೇನ್ ತಂದು ನೆಲಕ್ಕ ಒಗೀಬೇಕು ನೋಡ್ರಿ, ಏನ್ ನಯ, ಏನ್ ನಯ!” ಎಂದು ಹೊಗಳಿದರು. ಸುವರ್ಣಮ್ಮ ರಿಮೋಟು ಕೈಯಲ್ಲಿ ಹಿಡಿದು, ಊಟದ ಹಾಲನ್ನು ಹಿಂದೆ ಮುಂದೆ ಓಡಿಸಿ ಓಡಿಸಿ ನೋಡಿದರು. ಕೊನೆಗೆ ರಿಮೋಟು ಕೆಳಗಿಟ್ಟಾಗ ಅವರ ಕಣ್ಣು ತುಂಬಿತ್ತು.

“ಪಾಪ, ಇವರು ಒಂದು ಪಂಕ್ತ್ಯಾಗೂ ಇಲ್ಲ ನೋಡವಾ. ಮಗಳ ಮದ್ವ್ಯಾಗ ಉಪಾಸ ಇದ್ರೇನ್ರಿ ನೀವು?”

ಕೊಟ್ರಯ್ಯ ಅಳಿಯನ ಕಡೆ ಒಮ್ಮೆ ನೋಡಿದರು. ಆಮೇಲೆ ಸೂರಿನತ್ತ ನೋಡಿ ಉದ್ದನೆಯ ಉಸಿರು ಬಿಟ್ಟರು. “ಮಗಳ್ನ ಕೊಟ್ಟು ಕಳ್ಸೋ ದಿನ ತುತ್ತು ಎಲ್ಲಿ ಇಳೀತೈತಿ, ಸುವರ್ಣಾ?”

ಸುವರ್ಣಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಬಟ್ಟಲ ತುಂಬ ಬಿಸಿ ಗೋಧಿ ಹುಗ್ಗಿ, ಮೇಲೆ ತುಪ್ಪ. “ಇವತ್ತೊಂದು ದಿನ ಉಣ್ರಿ. ಡಾಕ್ಟ್ರಿಗೆ ನಾ ಹೇಳ್ತೀನಿ.”

ಕೊಟ್ರಯ್ಯ ಬಟ್ಟಲಿಗೆ ಕೈ ಹಾಕುವ ಮೊದಲು ಪಡಸಾಲೆಯ ನಾಲ್ಕೂ ಮೂಲೆ, ಅಟ್ಟ, ಕಿಟಕಿ ಎಲ್ಲ ನೋಡಿದರು.

“ಅಳಿಯಂದ್ರ, ಕ್ಯಾಮೆರಾ?”

“ಹೊಸಪೇಟ್ಯಾಗ ಬಿಟ್ಟು ಬಂದೀನ್ರಿ ಮಾವಾ.”

“ಶಾಣ್ಯಾ ಅದೀ,” ಎಂದು ಕೊಟ್ರಯ್ಯ ಬಟ್ಟಲು ಹತ್ತಿರಕ್ಕೆ ಎಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕೂತರು.